ಎರಡು ಸಲ ಬೇಡ ಅಂದೆ

ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇಷ್ಟು ವರ್ಷಗಳಾದ ಮೇಲೆ ಮುಚ್ಚಿಡುವುದೇನಿದೆ?

ಅರವತ್ತರ ದಶಕದ ಮೊದಮೊದಲು ನಾನು ಸಿಂದಗಿಯ ಒಂದು ಪುಟ್ಟ ಮಿಷನ್ ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ಹುಟ್ಟಿನಿಂದಲೇ ಕ್ರೈಸ್ತಳು, ಬೈಬಲ್ ಪರೀಕ್ಷೆಯಲ್ಲಿ ಜಿಲ್ಲೆಗೇ ಮೊದಲು ಬಂದವಳು. ಅವಳು ಇಂಗಳೇಶ್ವರದ ಕಡೆಯ ವಿಧವೆ. ಕಾಲಿಗೆ ನಾರುಹುಣ್ಣಾಗಿ ಬಂದಿದ್ದಳು. ವಾಸಿಯಾದ ಮೇಲೂ ಊರಿಗೆ ಹೋಗದೆ, ನೀರು ಸೇದುತ್ತ, ಪಟ್ಟಿ ಒಗೆಯುತ್ತ ಅಲ್ಲೇ ಉಳಿದುಬಿಟ್ಟಳು. ತನ್ನ ಹೆಸರು ಬರೆಯಲೂ ಬಾರದು.

ಬಾವಿ ನೀರನ್ನು ಸೋಸದೆ ಕುಡಿದವರಿಗೆ ಆಗ ನಾರುಹುಣ್ಣು ತಪ್ಪುತ್ತಿರಲಿಲ್ಲ. ವರ್ಷ ಕಳೆದ ಮೇಲೆ ಕಾಲಲ್ಲಿ ಗುಳ್ಳೆಯೆದ್ದು ಒಡೆದು, ದಾರದಂಥ ನಾರುಹುಳು ತಲೆ ಹೊರಗೆ ಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಎರಡು ಬೆರಳಷ್ಟು ಮಾತ್ರ ಎಳೆಯಬೇಕು. ಅವಸರ ಮಾಡಿದರೆ ಹರಿದು, ಒಳಗೆ ಉಳಿದದ್ದು ಕೀವಾಗಿ ಕಾಲನ್ನೇ ಕೆಡಿಸುತ್ತದೆ.

ಅವಳು ದೀಕ್ಷಾಸ್ನಾನ ಬೇಕೆಂದು ಕೇಳಿದಳು. ತಿಂಗಳಿಗೊಮ್ಮೆ ಬಿಜಾಪುರದಿಂದ ಬರುತ್ತಿದ್ದ ಪಾದ್ರಿ ಅಯ್ಯನವರು ನನಗೆ ಒಪ್ಪಿಸಿದರು. "ಹತ್ತು ಆಜ್ಞೆ, ಕರ್ತನ ಪ್ರಾರ್ಥನಿ ಕಲಸ್ರಿ. ಆಕಿ ತಯಾರಾದಾಗ ನೀವ ಹೇಳ್ರಿ." ಹೀಗೆ ಅವಳ ದೀಕ್ಷೆ ನನ್ನ ಕೈಗೆ ಬಂತು.

ಕಲಿಸಲು ಕೂತೆ. ಮೂರನೆಯ ಆಜ್ಞೆಗೆ ಬರುವಷ್ಟರಲ್ಲಿ ಅವಳಿಗೆ ಒಂದನೆಯದು ಮರೆತಿರುತ್ತಿತ್ತು. ಒಂದು ಸಂಜೆ, ಯೇಸು ಶಿಷ್ಯರ ಕಾಲು ತೊಳೆದದ್ದನ್ನು ಓದಿ ಹೇಳಿದೆ. ಅದೇ ಅಧ್ಯಾಯದ ಮೇಲೆ ಇಂಡಿ ಊರಿನಲ್ಲಿ ಹೆಣ್ಣುಮಕ್ಕಳ ಸಭೆಗೆ ಮುಕ್ಕಾಲು ಗಂಟೆ ಮಾತಾಡಿ ಭೇಷ್ ಅನ್ನಿಸಿಕೊಂಡವಳು ನಾನು. ಅವಳು ಕೇಳಿದ್ದು ಒಂದೇ ಮಾತು.

"ನಾವೂ ತೊಳಿಬೇಕಂತೇನ್ರಿ?"

"ಹೌದು, ಹಂಗಂತ ಬರದೈತಿ."

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನೀರು ತುಂಬಿದ ಅಗಲ ಪರಾತ ಇಟ್ಟುಕೊಂಡು ಕೂತಿದ್ದಳು. ಬಂದವರ ಕಾಲನ್ನೆಲ್ಲ ತೊಳೆದಳು. ಕುರುಬರದು, ಸಾಬರದು, ಗೌಡರದು, ಸಗಣಿ ಮೆತ್ತಿದ್ದು, ಕೀವು ಸೋರುವುದು. ಕಾಲು ತೊಳೆದವಳ ಕೈಯಲ್ಲೇ ನಾರನ್ನೂ ಸುತ್ತಿಸಿಕೊಳ್ಳಲು ಜನ ಶುರುಮಾಡಿದರು. ಝಳಕಿಯ ಗಾಡಿಯವನೊಬ್ಬ ನನ್ನ ಮುಖಕ್ಕೇ ಹೇಳಿದ: "ನೀವು ಬ್ಯಾಡ್ರಿ ಬಾಯಾರ, ಆ ಅವ್ವನ್ನ ಕರೀರಿ. ಆಕಿ ಸುತ್ತಿದ್ರ ನೋವಾಗೂದಿಲ್ಲ." ಮೈಯೆಲ್ಲ ಉರಿದುಹೋಯಿತು. ಸರ್ಟಿಫಿಕೇಟ್ ನನ್ನದು, ಬಿಳಿ ಸೀರೆ ನನ್ನದು, ಮುದ್ದೇಬಿಹಾಳದ ತನಕ ಹೆಸರು ಮಾತ್ರ ಅವಳದು!

ಅದನ್ನಾದರೂ ನುಂಗಿಕೊಳ್ಳುತ್ತಿದ್ದೆನೇನೋ. ಕಾಲು ತೊಳೆಯುವಾಗ ಅವಳು ಪಿಸುಪಿಸು ಮಾತಾಡುತ್ತಿದ್ದಳು. ಯಾರ ಜೊತೆ ಎಂದು ರೇಗಿದೆ. "ಯೇಸಪ್ಪನ ಕೂಡರಿ. ಬಾಜೂಕ ಕುಂತಿರ್ತಾನ" ಅಂದಳು, ನೆರೆಮನೆಯವರ ಸುದ್ದಿ ಹೇಳಿದಷ್ಟು ಸಲೀಸಾಗಿ. ಚಿಕ್ಕಂದಿನಿಂದ ಮೊಣಕಾಲೂರಿದ ನನ್ನ ಪಕ್ಕದಲ್ಲಿ ಯಾರೂ ಒಂದು ದಿನವೂ ಕೂತಿರಲಿಲ್ಲ. ಅವಳ ಮೇಲಿನ ಹೊಟ್ಟೆಕಿಚ್ಚು ದೇವರ ಮೇಲಿನ ಸಿಟ್ಟೂ ಆಯಿತು.

ಆ ತಿಂಗಳು ಅಯ್ಯನವರು ಕೇಳಿದರು, "ತಯಾರಾಗ್ಯಾಳೇನ್ರಿ?"

"ಇಲ್ರಿ. ಐದು ಆಜ್ಞೆ ಸೈತ ಬರೂದಿಲ್ಲ. ಈಗ ಬ್ಯಾಡ್ರಿ."

ಅದು ಸುಳ್ಳಲ್ಲ, ಅದಕ್ಕೇ ಹೇಳಲು ಅಷ್ಟು ಹಿತವಾಗಿತ್ತು. ಮುಂದಿನ ತಿಂಗಳೂ ಅದನ್ನೇ ಹೇಳಿದೆ.

ಮೂರನೆಯ ತಿಂಗಳು ನನ್ನ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತು. ನೀರು ಸೋಸಿ ಕುಡೀರಿ ಎಂದು ಊರಿಗೆಲ್ಲ ಬುದ್ಧಿ ಹೇಳುವವಳಿಗೂ ನಾರು! ನಾನೇ ಸುತ್ತಿಕೊಳ್ಳಲು ಹೋದೆ, ಕೈಗೆ ಸರಿಯಾಗಿ ಎಟಕಲಿಲ್ಲ. ಅವಳು ಪರಾತ ತಂದು ನನ್ನೆದುರು ಕೂತಳು. ಕಾಲು ಹಿಂದೆಳೆದುಕೊಂಡೆ. ಅವಳು ಪರಾತ ಎತ್ತಿಕೊಂಡು ಹೋದಳು. ಮೂರು ದಿನ ಹೀಗೇ ನಡೆಯಿತು. ನಾಲ್ಕನೆಯ ದಿನ ನೋವು ತಡೆಯದೆ ಕಾಲು ಕೊಟ್ಟೆ.

ಬೆಚ್ಚಗಿನ ನೀರಲ್ಲಿ ಬೆರಳ ಸಂದಿಯನ್ನೂ ಬಿಡದೆ ತೊಳೆದು, ಕಡ್ಡಿ ಹಿಡಿದು ಸುತ್ತತೊಡಗಿದಳು. ನನಗೆ ತಡೆದುಕೊಳ್ಳಲಾಗಲಿಲ್ಲ. "ನಿನ್ನ ದೀಕ್ಷಾ ತಪ್ಪಿಸಿದಾಕಿ ನಾನ. ಎರಡು ಸಲ ಬ್ಯಾಡ ಅಂದೇನಿ" ಎಂದುಬಿಟ್ಟೆ.

ಅವಳು ತಲೆಯೆತ್ತಲಿಲ್ಲ. "ಗೊತ್ತೈತ್ರಿ. ಚಾ ತಂದಾಗ ಕೇಳಿಸಿತ್ತು. ಕಾಲು ಅಲ್ಲಾಡಿಸಬ್ಯಾಡ್ರಿ, ನಾರು ಹರಿತೈತಿ."

ಗೊತ್ತಿದ್ದೂ ಎರಡು ತಿಂಗಳು ನನ್ನ ಸ್ನಾನಕ್ಕೆ ನೀರು ಕಾಯಿಸಿದ್ದಳು, ನನ್ನ ಬಿಳಿ ಸೀರೆ ಒಗೆದು ಹಾಕಿದ್ದಳು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಆ ಭಾನುವಾರ ಅಯ್ಯನವರು ಬಂದಾಗ ಅವರು ಕೇಳುವ ಮೊದಲೇ ಎಲ್ಲ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೀರು ತರ್ರಿ" ಅಂದರು, ಅಷ್ಟೆ. ಬಾವಿಯಿಂದ ಬಿಂದಿಗೆ ಎತ್ತಿಕೊಂಡು ಕುಂಟುತ್ತ ಬಂದೆ. ಆಜ್ಞೆಗಳನ್ನು ಅವರು ಕೇಳಲೇ ಇಲ್ಲ.

ತಲೆಯ ಮೇಲೆ ನೀರು ಬಿದ್ದಾಗ ಅವಳ ಮುಖ ಹೇಗಿತ್ತೆಂದು ಹೇಳಲಾರೆ, ನೋಡಲಾಗದೆ ನೆಲ ನೋಡುತ್ತಿದ್ದೆ. ಪ್ರಾರ್ಥನೆ ಮುಗಿದದ್ದೇ ತಡ, ಒದ್ದೆ ತಲೆಯಲ್ಲೇ ನನ್ನ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತಳು.

"ಇವತ್ತಿಂದು ಸುತ್ತೂದು ಉಳದೈತ್ರಿ."

ಆಗಲೂ ಹೊಟ್ಟೆ ಉರಿಯಿತು. ಕಾಲು ಚಾಚಿದೆ.