ದೀಪ ಹಚ್ಚಿದ ಮೇಲೆ ಕೊಡದ ಹೆಪ್ಪು

ರಮಾಮಣಮ್ಮನವರು ನನಗೆ ಹೆಪ್ಪು ಕೊಡಲಿಲ್ಲ. ಇದಾಗಿ ಏಳು ವರ್ಷವಾಯಿತು, ಅವರು ತೀರಿಕೊಂಡೇ ಒಂದೂವರೆ ವರ್ಷವಾಯಿತು, ಆದರೂ ಆ ಸಿಟ್ಟು ನನ್ನಲ್ಲಿ ಹಾಗೇ ಇದೆ. ಮೊದಲು ಅದನ್ನು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಬರೆಯಲು ನನಗೆ ಕೈ ಬರುವುದಿಲ್ಲ.

೧೯೭೨ರ ಜನವರಿ. ನನ್ನ ಹೆಂಡತಿ ಕೌಸಲ್ಯಾ ಮಂಡ್ಯದಿಂದ ನ್ಯೂಯಾರ್ಕಿಗೆ ಬಂದು ಎರಡು ತಿಂಗಳಾಗಿತ್ತು. ಅಂಗಡಿಯ ಡಬ್ಬಿ ಮೊಸರು ಅವಳಿಗೆ ಸೇರುತ್ತಿರಲಿಲ್ಲ. ಕ್ವೀನ್ಸಿನ ಕನ್ನಡದವರ ಮನೆಗಳಲ್ಲೆಲ್ಲ ಮೊಸರಾಗುವುದು ಫ್ಲೋರಲ್ ಪಾರ್ಕಿನ ರಮಾಮಣಮ್ಮನವರ ಹೆಪ್ಪಿನಿಂದ ಎಂದು ಯಾರೋ ಹೇಳಿದರು. ನಾನು ಗ್ಯಾರೇಜಿನ ಕೆಲಸ ಮುಗಿಸಿ, ಹಿಮದಲ್ಲಿ ಜಾರುತ್ತ ಕಾರು ಓಡಿಸಿಕೊಂಡು, ಒಂದು ಲೋಟ ಹಿಡಿದು ಅವರ ಬಾಗಿಲಿಗೆ ಹೋದೆ. ಅವರು ನನ್ನ ಕೈಯ ಗ್ರೀಸು ನೋಡಿದರು, ಆಮೇಲೆ ಲೋಟ ನೋಡಿದರು.

"ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಲ್ಲ ಈಶಣ್ಣ. ಬೆಳಗ್ಗೆ ಹೊತ್ತು ಬನ್ನಿ, ಧಾರಾಳವಾಗಿ ಕೊಡ್ತೀನಿ."

"ಈ ಊರಲ್ಲಿ ನಾಲ್ಕೂವರೆಗೇ ಕತ್ತಲಾಗುತ್ತಮ್ಮ. ನಿಮ್ಮನೇಲಿ ಹಗಲೆಲ್ಲ ಲೈಟ್ ಉರಿಯುತ್ತೆ. ಯಾವ ದೀಪದ ಮಾತು ಹೇಳ್ತಿದ್ದೀರಿ?"

"ದೇವರ ಮುಂದಿನ ದೀಪ," ಎಂದರು. ಒಳಗೆ ಬನ್ನಿ, ಕಾಫಿ ಕುಡಿಯಿರಿ ಎಂದೂ ಕರೆದರು. ನಾನು ಕುಡಿಯಲಿಲ್ಲ. ಡಾಕ್ಟರು, ಇಂಜಿನಿಯರುಗಳ ಹೆಂಡತಿಯರು ಹಾಡುಹಗಲೇ ಹೋಗಿ ಹೆಪ್ಪು ತರುತ್ತಾರೆ. ಬೆಳಗ್ಗೆ ಏಳಕ್ಕೆ ಗ್ಯಾರೇಜು ಸೇರಿ ಸಂಜೆ ಏಳಕ್ಕೆ ಬಿಡುವವನ ಮನೆಗೆ ಮೊಸರಿಲ್ಲ. ಇದು ಯಾವ ನ್ಯಾಯ? ಭಾನುವಾರ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೋಗಬಹುದಿತ್ತು. ನನ್ನ ಸಿಟ್ಟು ಬಿಡಲಿಲ್ಲ. ಕೌಸಲ್ಯಾಳನ್ನೂ ಕಳಿಸಲಿಲ್ಲ.

ಈಗ ಕನ್ನಡ ಕೂಟದ ಸಂಚಿಕೆಗೆ ಅವರ ನೆನಪಿನಲ್ಲಿ ನೀವೂ ನಾಲ್ಕು ಸಾಲು ಬರೆಯಿರಿ, ಅವರ ಯಜಮಾನರನ್ನು ಬಿಟ್ಟರೆ ಯೂರೋಪಿಗೆ ಅವರ ಜೊತೆ ಹೋದವರು ನೀವೊಬ್ಬರೇ, ಎಂದಿದ್ದಾರೆ. ನಾನು ಓದಿದ್ದು ಐದನೇ ಕ್ಲಾಸು. ಮೈಸೂರಿನಲ್ಲಿ ಬಸ್ ಡಿಪೋದಲ್ಲಿ ಕೆಲಸ ಕಲಿತು, ಒಬ್ಬ ದೊಡ್ಡ ಅಧಿಕಾರಿಯ ಡ್ರೈವರಾಗಿ ೬೬ರಲ್ಲಿ ನ್ಯೂಯಾರ್ಕಿಗೆ ಬಂದವನು. ಅವರಿಗೆ ವರ್ಗವಾದಾಗ ನಾನು ಹಿಂದಿರುಗಲಿಲ್ಲ. ಕ್ವೀನ್ಸಿನಲ್ಲಿ ಟೋನಿಯ ಗ್ಯಾರೇಜಿಗೆ ಸೇರಿಕೊಂಡೆ. ನನಗೆ ಅಲಂಕಾರ ಮಾಡಿ ಬರೆಯಲು ಬಾರದು. ನಡೆದದ್ದನ್ನು ಬರೆಯುತ್ತೇನೆ.

ರಮಾಮಣಮ್ಮನವರು ಮೈಸೂರು ಅಗ್ರಹಾರದ ಕಡೆಯವರು. ೬೭ರಲ್ಲಿ ಗಂಡ ಕೇಶವಮೂರ್ತಿಗಳ ಜೊತೆ ಬಂದರು. ಮೂರ್ತಿಗಳು ಮ್ಯಾನ್‌ಹಟನ್ನಿನ ಒಂದು ಬ್ಯಾಂಕಿನಲ್ಲಿ ಲೆಕ್ಕಪತ್ರದವರು. ಇವರು ಆಸ್ಪತ್ರೆಯೊಂದರ ಬಟ್ಟೆ ಕೋಣೆಯಲ್ಲಿ ಹಾಸಿಗೆಯ ಚಾದರಗಳನ್ನು ಮಡಿಸಿ ಜೋಡಿಸುವ ಕೆಲಸ ಮಾಡುತ್ತಿದ್ದರು. ಹಾಗಾಗಿ ಏನು ಕೈಗೆ ಸಿಕ್ಕರೂ ಮೂಲೆಗೆ ಮೂಲೆ ಸೇರಿಸಿ ನಾಲ್ಕು ಮಡಿಕೆ ಮಾಡುವುದು ಅಭ್ಯಾಸ. ಕಾಗದದ ಕರವಸ್ತ್ರವನ್ನೂ ಬಿಡುತ್ತಿರಲಿಲ್ಲ. ಮಕ್ಕಳಿರಲಿಲ್ಲ. ಮನೆಗೆ ಬಂದವರಿಗೆ ಊಟ ಹಾಕದೆ ಕಳಿಸಿದ್ದನ್ನು ಯಾರೂ ಕಂಡಿಲ್ಲ.

ಆ ವರ್ಷ ಮೂರ್ತಿಗಳ ತಲೆಗೆ ಒಂದು ಯೋಚನೆ ಹೊಕ್ಕಿತು. ಮಲಗುವ ಜಾಗ, ಒಲೆ ಎಲ್ಲ ಇರುವ ಕ್ಯಾಂಪರ್ ವ್ಯಾನನ್ನು ಜರ್ಮನಿಯಲ್ಲೇ ಕೊಳ್ಳುವುದು, ವಸಂತದಲ್ಲಿ ಆರು ವಾರ ಇಟಲಿ, ಫ್ರಾನ್ಸ್, ಸ್ಪೇನ್ ಸುತ್ತುವುದು, ಬಾರ್ಸಿಲೋನಾದಲ್ಲಿ ವ್ಯಾನನ್ನು ಹಡಗಿಗೆ ಕೊಟ್ಟು ನ್ಯೂಜೆರ್ಸಿಯಲ್ಲಿ ಇಳಿಸಿಕೊಳ್ಳುವುದು. ಆದರೆ ಅವರು ಕಾರು ಓಡಿಸುತ್ತಿದ್ದದ್ದು ಮನೆಯಿಂದ ಸ್ಟೇಷನ್‌ವರೆಗೆ ಮಾತ್ರ. ಆಲ್ಪ್ಸ್ ಪರ್ವತ ದಾಟಿಸಲು ಒಬ್ಬ ಬೇಕಿತ್ತು. ನನ್ನನ್ನು ಕೇಳಿದರು. ಹೆಪ್ಪು ಕೊಡದವರ ಜೊತೆ ಹೋಗುವುದಿಲ್ಲ ಎಂದು ಕೌಸಲ್ಯಾಳ ಮುಂದೆ ಹಾರಾಡಿದೆ. ಆದರೆ ಆ ರಸ್ತೆಗಳನ್ನು ನೋಡುವ ಆಸೆ ನನಗೂ ಇತ್ತು. ಟೋನಿಯ ಹಿರಿಯರು ನೇಪಲ್ಸ್ ಕಡೆಯವರು. ಅವನು ಸಂತೋಷವಾಗಿ ರಜೆ ಕೊಟ್ಟ. ಗಾಳಿಯಿಂದಲೇ ತಣಿಯುವ ಎಂಜಿನ್ ಅದು, ಬೆಳಗ್ಗೆ ಎದ್ದು ಆಯಿಲ್ ನೋಡದೆ ಕೀ ತಿರುಗಿಸಿದರೆ ನಿನ್ನನ್ನು ಅಲ್ಲೇ ಹೂತುಬಿಡಲಿ ಎಂದು ಹರಸಿ ಕಳಿಸಿದ.

ಏಪ್ರಿಲ್ ಮೊದಲ ವಾರ ಮ್ಯೂನಿಕ್ಕಿನಲ್ಲಿ ವ್ಯಾನ್ ಕೈಗೆ ಬಂತು. ರಮಾಮಣಮ್ಮನವರ ಕೈಚೀಲದಲ್ಲಿ ಒಂದು ಸಣ್ಣ ಸ್ಟೀಲ್ ಡಬ್ಬಿ. ಅದರಲ್ಲಿ ಮೊಸರು. ಆರು ವಾರ ಯಾರ ಮನೆಯಲ್ಲಿ ಬಿಟ್ಟರೂ ಹೆಪ್ಪು ಕೆಡುತ್ತದೆ ಎಂದು ಜೊತೆಗೇ ತಂದಿದ್ದರು. ಅವರಿಂದ ಹೆಪ್ಪು ಒಯ್ದವರೆಲ್ಲ, ಕೆಟ್ಟರೆ ರಮಾಮಣಮ್ಮ ಇದ್ದಾರಲ್ಲ ಎಂಬ ಧೈರ್ಯದಲ್ಲಿ, ಹುಳಿ ಬಂದಾಗ ಅಂಗಡಿ ಮೊಸರು ಬೆರೆಸುವವರೇ.

ಅಂದು ಬೆಳಗ್ಗೆ ನಾನು ಎಂಜಿನ್ ಚಾಲೂ ಮಾಡಿ, ಹಿಂದಿನ ಮುಚ್ಚಳ ಎತ್ತಿ, ತಲೆ ಒಳಗಿಟ್ಟು ಶಬ್ದ ಕೇಳುತ್ತಿದ್ದೆ. ಅವರು ಪಕ್ಕಕ್ಕೆ ಬಂದು ನಾಲ್ಕು ಮಡಿಕೆಯ ಒಂದು ಬಿಳಿ ಬಟ್ಟೆ ಕೈಗಿತ್ತರು. "ಇದು ನಿಮ್ದು ಈಶಣ್ಣ. ಬೆಳಕಿದೆ ನೋಡಿ, ಈಗ ಕೊಡಬಹುದು."

ಎಂಜಿನ್ ಗದ್ದಲದಲ್ಲಿ ಅರ್ಧ ಕೇಳಿತು, ಅರ್ಧ ಕೇಳಲಿಲ್ಲ. ವಿಮಾನ ಹತ್ತಿದಾಗಿನಿಂದ ಅವರು ನನಗೆ ಕೈ ಒರೆಸಿಕೊಳ್ಳಿ, ಕೈ ಒರೆಸಿಕೊಳ್ಳಿ ಎಂದು ಹೇಳುತ್ತಲೇ ಇದ್ದರು. ಬಟ್ಟೆ ಗಂಜಿ ಹಾಕಿದ ಹಾಗೆ ಗಡುಸಾಗಿತ್ತು. ನನ್ನ ಗ್ರೀಸು ಕೈಗೆ ಒಂದು ಒರೆಸುವ ಬಟ್ಟೆ ಕೊಟ್ಟರು ಎಂದುಕೊಂಡೆ. ಮೈ ಉರಿಯಿತು. ಟೂಲ್ ಬಾಕ್ಸಿಗೆ ಎಸೆದೆ.

ಮರುದಿನದಿಂದ ಬೆಳಗ್ಗೆ ಬೆಳಗ್ಗೆ ಆಯಿಲ್ ನೋಡುವ ಕಡ್ಡಿಯನ್ನು ಅದರಲ್ಲೇ ಒರೆಸಿದೆ. ಬೇರೆ ವೇಸ್ಟ್ ಬಟ್ಟೆ ಬೇಕಾದಷ್ಟಿತ್ತು. ಹಟಕ್ಕೆ ಅದನ್ನೇ ಬಳಸಿದೆ.

ಪರ್ವತ ದಾಟಿ ಇಟಲಿಗೆ ಇಳಿದರೆ ರಸ್ತೆಯ ಎರಡೂ ಕಡೆ ಹುಲ್ಲಿನ ನಡುವೆ ಕೆಂಪು ಹೂವು. ರಮಾಮಣಮ್ಮನವರು ಯಾವ ನದಿ ದಾಟಿದರೂ ಕೈ ಮುಗಿಯುತ್ತಿದ್ದರು. ಇದು ಬರೀ ಚರಂಡಿ ಕಣೇ ಎಂದು ಮೂರ್ತಿಗಳು ನಕ್ಕರೆ, ಚರಂಡಿಗೂ ಒಂದು ಹೆಸರಿರುತ್ತೆ ಅನ್ನುತ್ತಿದ್ದರು. ನೇಪಲ್ಸಿನ ಸಂತೆಯಲ್ಲಿ ಅಪ್ಪಟ ಕನ್ನಡದಲ್ಲಿ ಚೌಕಾಸಿ ಮಾಡಿ ನಿಂಬೆಹಣ್ಣು ತಂದರು. ಮಾರುವವಳು ಇಟಾಲಿಯನ್ನಿನಲ್ಲಿ ಬೈದಳು, ಇವರು ಕನ್ನಡದಲ್ಲಿ ಬೈದರು, ಕೊನೆಗೆ ಅವಳೇ ಎರಡು ಹೆಚ್ಚು ಹಾಕಿ ಕಳಿಸಿದಳು. ದಿನಾ ಸಂಜೆ ಹಾಲು ಕಾಯಿಸಿ ಹೆಪ್ಪು ಹಾಕಿ, ಡಬ್ಬಿಗೆ ತಮ್ಮ ಶಾಲು ಸುತ್ತಿ ಕಾಲ ಬಳಿ ಇಟ್ಟುಕೊಂಡು ಮಲಗುತ್ತಿದ್ದರು. ಬೆಳಗ್ಗೆ ನನಗೇ ಮೊದಲು ಮೊಸರನ್ನ ಬಡಿಸುತ್ತಿದ್ದರು. ತಿನ್ನುತ್ತಿದ್ದೆ. ಅಂಥ ಮೊಸರನ್ನು ಆಮೇಲೆ ನಾನು ತಿಂದಿಲ್ಲ. ಆದರೆ ಒಂದು ದಿನವೂ ಚೆನ್ನಾಗಿದೆ ಎಂದು ಹೇಳಲಿಲ್ಲ.

ಮೇ ತಿಂಗಳ ಆರಂಭ, ಸ್ಪೇನಿನ ವಲೆನ್ಸಿಯಾ ಹತ್ತಿರ ಫ್ಯಾನ್ ಬೆಲ್ಟ್ ಕಿರುಗುಟ್ಟಿತು. ರಸ್ತೆ ಬದಿಯ ಗ್ಯಾರೇಜಿನವನು ಕೈ ಹಾಕಲು ಬಂದ. ನಾನು ಮುಟ್ಟಗೊಡಲಿಲ್ಲ. ಅವನ ಭಾಷೆ ನನಗೆ ಬಾರದು, ನನ್ನದು ಅವನಿಗೆ ಬಾರದು, ಆದರೂ ನಾಲ್ಕು ಗಂಟೆ ಜಗಳವಾಡಿದೆವು. ವ್ಯಾನ್ ಕಿಟಕಿ ಮುಚ್ಚಿ ಬಿಸಿಲಲ್ಲೇ ನಿಂತಿತ್ತು. ಡಬ್ಬಿ ಒಳಗಿದೆ, ಸ್ವಲ್ಪ ನೆರಳಿಗೆ ತಳ್ಳಿಸಿ ಎಂದು ರಮಾಮಣಮ್ಮನವರು ಎರಡು ಸಲ ಬಂದು ಹೇಳಿದರು. ಎರಡನೇ ಸಲ, ನಿಮ್ಮ ಮೊಸರಿಗಾಗಿ ನಾನು ದೇಶ ಬಿಟ್ಟು ಬಂದಿಲ್ಲ ಎಂದು ಎಲ್ಲರೆದುರು ಕೂಗಿದೆ. ಅವರು ಕಿತ್ತಳೆ ಮರದ ಕೆಳಗೆ ಹೋಗಿ ಕೂತರು.

ಮರುದಿನ ಬೆಳಗ್ಗೆ ಡಬ್ಬಿ ತೆರೆದರೆ ಮೊಸರು ನೂಲು ನೂಲಾಗಿ ವಾಸನೆ ಬರುತ್ತಿತ್ತು. ಅವರು ಅದನ್ನು ಮರದ ಬುಡಕ್ಕೆ ಸುರಿದು, ಡಬ್ಬಿ ತೊಳೆದು, ನನ್ನ ಹತ್ತಿರ ಬಂದರು. ಬೈಗುಳ ಕೇಳಲು ನಾನು ತಯಾರಾಗಿದ್ದೆ.

"ಬೇಜಾರು ಮಾಡ್ಕೋಬೇಡಿ ಈಶಣ್ಣ," ಎಂದರು. "ನಿಮ್ಮ ಹತ್ರ ಇದೆಯಲ್ಲ. ಅದರಲ್ಲೇ ಒಂದು ಮೂಲೆ ಕತ್ತರಿಸಿ ಕೊಡಿ."

ನನಗೆ ಏನೂ ತಿಳಿಯಲಿಲ್ಲ. ಅವರೇ ಹೇಳಿದರು. "ನಾನು ಹೊರಡುವಾಗ ನಮ್ಮಮ್ಮನೂ ಹಾಗೇ, ಬಟ್ಟೆಗೆ ಮೊಸರು ಹಚ್ಚಿ ನೆರಳಲ್ಲಿ ಒಣಗಿಸಿ ಕೊಟ್ಟಿದ್ರು. ನ್ಯೂಯಾರ್ಕಲ್ಲಿ ಬೆಚ್ಚಗಿನ ಹಾಲಲ್ಲಿ ನೆನೆಸಿದೆ, ಹೆಪ್ಪಾಯ್ತು. ಅಮ್ಮ ಹೋದಾಗ ನಾನು ಹೋಗೋಕಾಗಲಿಲ್ಲ. ಅವರ ಕೈದು ಅಂತ ನನ್ನ ಹತ್ರ ಇದೊಂದೇ ಇರೋದು. ನೀವು ಆವತ್ತು ಬರಿಗೈಲಿ ಹೋದ್ರಲ್ಲ, ಅದಕ್ಕೇ ನಿಮಗೂ ಹಾಗೇ ಮಾಡಿ ತಂದೆ. ಹಗಲು ಹೊತ್ತು ನೀವು ಕೈಗೆ ಸಿಕ್ಕಿದ್ದೇ ಮ್ಯೂನಿಕ್ಕಲ್ಲಿ."

ಟೂಲ್ ಬಾಕ್ಸ್ ನನ್ನ ಕಾಲ ಬಳಿಯೇ ಇತ್ತು. ಬಟ್ಟೆ ಯಾವ ಬಣ್ಣದಲ್ಲಿದೆ ಎಂದು ನನಗೆ ಗೊತ್ತಿತ್ತು. ಹೇಳಬಹುದಿತ್ತು. ನಾನು ಮಾಡಿದ ತಪ್ಪಿಗೆ ನನ್ನನ್ನು ಯಾರಾದರೂ ಬೈದರೆ ತಿರುಗಿ ಬೈಯಲು ಬರುತ್ತದೆ. ಬೈಯದೆ ನಿಂತವರ ಮುಂದೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ.

"ಅದನ್ನ ಫ್ಲಾರೆನ್ಸಿನಿಂದಲೇ ಕೌಸಲ್ಯಾಗೆ ಪೋಸ್ಟ್ ಮಾಡಿಬಿಟ್ಟೆನಮ್ಮ," ಎಂದೆ.

ಅವರ ಮುಖ ಅರಳಿತು. "ಒಳ್ಳೇದಾಯ್ತು ಬಿಡಿ. ಹಾಗಾದ್ರೆ ಈ ಹೊತ್ತಿಗೆ ನಿಮ್ಮನೇಲಿ ಹೆಪ್ಪಾಗಿರುತ್ತೆ. ಊರಿಗೆ ಹೋದ್ಮೇಲೆ ನಾನೇ ಬಂದು ಕೇಳಿ ತಗೊಳ್ತೀನಿ."

ಅಂದು ಅವರು ಮಧ್ಯಾಹ್ನ ಮಲಗಿದ್ದಾಗ, ಆ ಬಟ್ಟೆಯಲ್ಲಿ ಸ್ವಲ್ಪ ಬಿಳಿ ಉಳಿದಿದ್ದ ಒಂದು ಮೂಲೆಯನ್ನು ಬ್ಲೇಡಿನಿಂದ ಕತ್ತರಿಸಿ, ಲೋಟದ ಹಾಲಿನಲ್ಲಿ ನೆನೆಸಿ, ಎಂಜಿನ್ ಪಕ್ಕದ ಬೆಚ್ಚನೆ ಜಾಗದಲ್ಲಿ ಇಟ್ಟೆ. ಸಂಜೆಗೆ ಹಾಲಿನ ಮೇಲೆ ಎಣ್ಣೆಯ ಬಣ್ಣ ಬಣ್ಣದ ಪದರ ಕಟ್ಟಿತ್ತು. ಮೊಸರಾಗಲಿಲ್ಲ.

ಬಾರ್ಸಿಲೋನಾದಲ್ಲಿ ವ್ಯಾನ್ ಹಡಗಿಗೆ ಕೊಟ್ಟು ವಿಮಾನ ಹತ್ತಿದೆವು. ದಾರಿಯುದ್ದಕ್ಕೂ ರಮಾಮಣಮ್ಮನವರು ಕೌಸಲ್ಯಾ ಹಾಲು ಎಷ್ಟು ಬಿಸಿ ಮಾಡುತ್ತಾಳೆ, ಮನೆಯಲ್ಲಿ ಹೀಟರ್ ಸರಿಯಿದೆಯೇ ಎಂದು ಕೇಳುತ್ತಿದ್ದರು. ಮನೆಗೆ ಬಂದ ರಾತ್ರಿಯೇ ನಾನು ಕೌಸಲ್ಯಾಗೆ ನಡೆದದ್ದು ಹೇಳಿದೆ. ಅವರ ಕಾಲಿಗೆ ಬಿದ್ದು ನಿಜ ಹೇಳಿ ಎಂದಳು. ಅವಳ ಮೇಲೆ ಕೂಗಾಡಿದೆ. ಅಂಗಡಿಯಿಂದ ಡಬ್ಬಿ ಮೊಸರು ತಂದು, ಅದರಿಂದ ಹೆಪ್ಪು ಹಾಕಿ, ಆ ಮೊಸರಿನಿಂದ ಮತ್ತೆ ಹೆಪ್ಪು ಹಾಕಿ, ಮನೆಯದರಂತೆ ಕಾಣುವ ಹಾಗೆ ಮಾಡಿದೆ.

ಮೂರನೇ ದಿನ ಬೆಳಗ್ಗೆ ಹತ್ತು ಗಂಟೆಗೆ ಅವರು ಕೆಲಸಕ್ಕೆ ರಜೆ ಹಾಕಿ, ಅದೇ ಸ್ಟೀಲ್ ಡಬ್ಬಿ ಹಿಡಿದು ಬಂದರು. ನಾನು ಗ್ಯಾರೇಜಿಗೆ ಹೋಗದೆ ಕಾದಿದ್ದೆ. ಕೌಸಲ್ಯಾ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ನಾನೇ ಡಬ್ಬಿಗೆ ಹಾಕಿಕೊಟ್ಟೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಮುಚ್ಚಳ ತೆರೆದು ಮೂಸಿದರು. ಇನ್ನೊಂದು ಸಲ ಮೂಸಿ ಮುಚ್ಚಳ ಹಾಕಿದರು.

"ಗಟ್ಟಿಯಾಗಿ ಹೆಪ್ಪಾಗಿದೆ ಈಶಣ್ಣ," ಎಂದರು. ಅಡುಗೆಮನೆಗೇ ಹೋಗಿ ಕೌಸಲ್ಯಾಳ ಕೈಯಿಂದ ಕುಂಕುಮ ತೆಗೆದುಕೊಂಡು ಹೊರಟರು.

ಆಮೇಲೆ ಯಾರು ಕೇಳಿದರೂ, ಇದು ಈಶಣ್ಣನ ಮನೆ ಹೆಪ್ಪು ಎಂದು ಹೇಳಿ ಕೊಡುತ್ತಿದ್ದರಂತೆ. ಕೂಟದ ಸಭೆಗಳಲ್ಲಿ ಜನ ನನಗೆ ಬಂದು ಕೈ ಕುಲುಕಿ, ನಿಮ್ಮಿಂದ ನಮ್ಮನೆ ಮೊಸರು ನಡೀತಿದೆ ಸಾರ್ ಎನ್ನುತ್ತಿದ್ದರು. ಡಾಕ್ಟರುಗಳು ನನಗೆ ಸಾರ್ ಎಂದದ್ದು ಅದೇ ಮೊದಲು. ನಾನು ಬೇರೆ ಕಡೆ ನೋಡುತ್ತಿದ್ದೆ.

೭೫ರ ಚಳಿಗಾಲದಲ್ಲಿ ಒಂದು ದಿನ ನಮ್ಮ ಮನೆಯ ಮೊಸರು ಕೆಟ್ಟಿತು. ಕೌಸಲ್ಯಾ ಆ ಹೊತ್ತಿಗೆ ಡ್ರೈವ್ ಮಾಡಲು ಕಲಿತಿದ್ದಳು. ಫ್ಲೋರಲ್ ಪಾರ್ಕಿನಲ್ಲಿ ಯಾರ ಮನೆಗೋ ಹೋಗಿದ್ದವಳು ಹಿಂದಿರುಗುವಾಗ, ಕೊಡುವುದಿಲ್ಲ ಎಂದು ಗೊತ್ತಿದ್ದರೂ, ರಮಾಮಣಮ್ಮನವರ ಬಾಗಿಲು ತಟ್ಟಿದಳು. ಆಗ ಎಂಟು ಗಂಟೆ. ದೇವರ ಮುಂದೆ ದೀಪ ಉರಿಯುತ್ತಿತ್ತಂತೆ. ಅವರು ದೀಪದ ಮಾತೇ ಎತ್ತದೆ ಆ ಸ್ಟೀಲ್ ಡಬ್ಬಿಯ ತುಂಬ ಹೆಪ್ಪು ಹಾಕಿ ಕೈಗಿತ್ತರು. ಈಗ ಎಲ್ಲರಿಗೂ ಯಾವ ಹೊತ್ತಿಗಾದರೂ ಕೊಡುತ್ತಾರೆಂದು ಆಮೇಲೆ ತಿಳಿಯಿತು.

ಕೌಸಲ್ಯಾ ಡಬ್ಬಿಯನ್ನು ನನ್ನ ಮುಂದೆ ಇಟ್ಟು ಹೇಳಿದಳು. "ಅವರಿಗೆ ಆವತ್ತೇ ಗೊತ್ತಾಗಿದೆ. ಆ ನೇಮ ಇದ್ದಿದ್ದು ಅವರಮ್ಮನ ಹೆಪ್ಪಿಗೆ. ಅಂಗಡೀದಕ್ಕೆ ಯಾಕೆ?"

ಅವಳಿಗೆ ಬಾಯಿ ಮುಚ್ಚು ಎಂದೆ. ಮೂರು ವರ್ಷ ಅವರು ನನ್ನ ಹೆಸರು ಹೇಳಿಕೊಂಡು ಹಂಚಿದ್ದಾರೆ, ಒಬ್ಬರ ಹತ್ತಿರವೂ ನನ್ನನ್ನು ಬಿಟ್ಟುಕೊಟ್ಟಿಲ್ಲ ಎಂದು ಆಮೇಲೆ ಲೆಕ್ಕ ಹಾಕಿದೆ. ಭಾನುವಾರ ಹೋಗಿ ಹೇಳಿಬಿಡೋಣ ಎಂದುಕೊಂಡೆ. ಆ ಭಾನುವಾರ ಹೋಗಲಿಲ್ಲ. ಅವರ ವ್ಯಾನು ಟ್ಯೂನ್ ಮಾಡಲು ಎಷ್ಟೋ ಸಲ ಅವರ ಮನೆಗೆ ಹೋದೆ, ಅವರು ಕೊಟ್ಟ ಕಾಫಿ ಕುಡಿದೆ. ಕೈ ಒರೆಸಿಕೊಳ್ಳಿ ಎಂದು ಅವರು ಒಂದು ಸಲವೂ ಹೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ೭೭ರ ಅಕ್ಟೋಬರಿನಲ್ಲಿ, ಕೆಲಸದಲ್ಲಿರುವಾಗಲೇ, ಎದೆ ನೋವೆಂದು ಕೂತವರು ಏಳಲಿಲ್ಲ.

ವೈಕುಂಠ ಸಮಾರಾಧನೆಯ ದಿನ ಎಂಟು ಮನೆಯವರು ಮೊಸರು ತಂದಿದ್ದರು. ಮೂರ್ತಿಗಳು ನನ್ನ ಎಲೆಯ ಮುಂದೆ ನಿಂತು, ಅವಳ ತಾಯಿಯ ಹೆಪ್ಪು ಇವತ್ತು ಉಳಿದಿದ್ದರೆ ಅದು ಈಶಣ್ಣನಿಂದ ಎಂದು ಎಲ್ಲರಿಗೂ ಹೇಳಿದರು. ಅವರಿಗೆ ಇಂದಿಗೂ ಗೊತ್ತಿಲ್ಲ. ಇದನ್ನು ಓದಿದಾಗ ಗೊತ್ತಾಗುತ್ತದೆ. ಆಗಲಿ.

ಆದರೂ ಕೇಳುತ್ತೇನೆ, ಮ್ಯೂನಿಕ್ಕಿನಲ್ಲಿ ಆ ಬಟ್ಟೆ ಕೊಟ್ಟಾಗ ಇದರಲ್ಲಿ ಹೆಪ್ಪಿದೆ ಎಂದು ಒಂದು ಮಾತು ಬಿಡಿಸಿ ಹೇಳಬಾರದಿತ್ತೇ? ಆ ಸಿಟ್ಟೂ ನನಗಿದೆ. ಬಟ್ಟೆ ಈಗಲೂ ಟೂಲ್ ಬಾಕ್ಸಿನ ತಳದಲ್ಲಿದೆ, ಒಂದು ಮೂಲೆ ಇಲ್ಲದೆ, ಅವರು ಮಡಿಸಿದ ಮಡಿಕೆಯ ಗುರುತಿನ ಮೇಲೇ ಮಡಿಸಿಟ್ಟಿದ್ದೇನೆ.

ಸ್ಟೀಲ್ ಡಬ್ಬಿ ನಮ್ಮ ಮನೆಯಲ್ಲೇ ಉಳಿಯಿತು. ಮೂರ್ತಿಗಳಿಗೆ ಕೊಟ್ಟು ಬನ್ನಿ ಎಂದು ಕೌಸಲ್ಯಾ ಹೇಳುತ್ತಲೇ ಇರುತ್ತಾಳೆ. ಬೇರೆಯವರ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದು ಎನ್ನುತ್ತಾರೆ. ಅದರಲ್ಲಿ ಹಾಕಿ ಕೊಡಬೇಕಾದದ್ದು ನನ್ನ ಹತ್ತಿರ ಇಲ್ಲ.