ಲಿಯೋನಾಳ ಕೆಂಡ
ಅಮೆರಿಕದ ಮೂಲನಿವಾಸಿಗಳಾದ ಕ್ರೀಕ್ ಜನ ಒಕ್ಲಹೋಮಾಕ್ಕೆ ತಾವಾಗಿ ಬಂದವರಲ್ಲ. ಸುಮಾರು ಇನ್ನೂರು ವರ್ಷದ ಹಿಂದೆ ಸರ್ಕಾರವೇ ಬಂದೂಕು ತೋರಿಸಿ ಅಲಬಾಮಾದಿಂದ ಅವರನ್ನು ನಡೆಸಿಕೊಂಡು ಬಂದದ್ದು. ಇದನ್ನು ಮರೆತವರಿಗೆ ನೆನಪಿಸಲೆಂದೇ ನಮ್ಮ ಬೀದಿಯಲ್ಲಿ ಲಿಯೋನಾ ಫಿಕ್ಸಿಕೋ ಎಂಬ ಕ್ರೀಕ್ ಅಜ್ಜಿ ಇದ್ದಾಳೆ. ಎದುರುಮನೆಗೆ ಕಾಬೂಲಿನಿಂದ ನಿರಾಶ್ರಿತಳಾಗಿ ಜರ್ಮೀನಾ ಬಂದಂದಿನಿಂದ ಅಜ್ಜಿ ದಿನಾ ಹುಳಿಗಂಜಿ ಹಿಡಿದು ಹೋಗಿ, ಇಬ್ಬರ ಕಷ್ಟಗಳನ್ನೂ ತಕ್ಕಡಿಗೆ ಹಾಕುತ್ತಾಳೆ. “ನಿಮ್ಮನ್ನ ವಿಮಾನದಲ್ಲಿ ತಂದ್ರು ಕಣೇ, ನಮ್ಮನ್ನ ನಡೆಸಿದ್ರು!” “ನಿಮಗೆ ನಿಮ್ದೇ ಆಸ್ಪತ್ರೆ, ನಿಮ್ದೇ ಕೋರ್ಟು ಇದೆಯಲ್ಲ ಖಾಲಾ. ಡಾಕ್ಟರಾಗಿದ್ದ ನನ್ನ ಗಂಡ ಇಲ್ಲಿ ಕೋಳಿ ಕತ್ತರಿಸ್ತಾನೆ.” “ನಮ್ಗೆ ಕೊಟ್ಟ ನೆಲದಲ್ಲಿ ಎಣ್ಣೆ ಸಿಕ್ತು ಅಂತ ಅದನ್ನೂ ಕಿತ್ಕೊಂಡ್ರಲ್ಲೇ!” ಸೋಲುವುದು ಅಜ್ಜಿಯ ಜಾಯಮಾನವಲ್ಲ, ಜರ್ಮೀನಾ ಹಲ್ಲುನೋವೆಂದರೆ ತನಗೆ ಹಲ್ಲೇ ಇಲ್ಲ ಎನ್ನುತ್ತಾಳೆ. ಮೊನ್ನೆ ಜರ್ಮೀನಾಳ ಮನೆಯವರನ್ನು ಈ ದೇಶದಲ್ಲಿ ಉಳಿಸಬೇಕೋ ಹೊರಗಟ್ಟಬೇಕೋ ಎಂಬ ವಿಚಾರಣೆಗೆ ಕರೆ ಬಂತು. ಅಂದು ಅಜ್ಜಿ ತಕ್ಕಡಿ ಎತ್ತಲಿಲ್ಲ. ತನ್ನ ಒಲೆಯ ಕೆಂಡವನ್ನು ಬಾಣಲೆಯಲ್ಲಿ ಹೊತ್ತು ಹೋಗಿ, ಜರ್ಮೀನಾಳ ಹಿತ್ತಲಿನಲ್ಲಿ ಆರಿ ತಣ್ಣಗಿದ್ದ ತಂದೂರಿಗೆ ಸುರಿದಳು. “ನಮ್ಮಜ್ಜಿಯರು ಅಲಬಾಮಾದಿಂದ ಕೆಂಡ ಹೊತ್ತು ತಂದ್ರು. ಅದನ್ನಿಟ್ಟ ಜಾಗವೇ ನಮ್ಮೂರಾಯ್ತು. ಈಗ ಇದು ನಿನ್ನೂರು, ತಿಳೀತಾ? ಅಳ್ಬೇಡ, ರೊಟ್ಟಿ ತಟ್ಟು.” ವಿಚಾರಣೆ ಸೋಮವಾರ. ಅಜ್ಜಿ ಕೋರ್ಟಿನ ಮುಂದಿನ ಬೆಂಚಿನಲ್ಲಿ ಕೂರುತ್ತಾಳೆ. ಯಾರ ನೋವು ದೊಡ್ಡದೆಂದು ಕೂತಲ್ಲೇ ಪಂಚಾಯಿತಿ ಮಾಡುವವರೇ, ಎದ್ದು ಬಂದು ಆ ಬೆಂಚು ತುಂಬಿಸಿ.