ಅಜ್ಜಿಗೆಂದು ಹಾಕಿಸಿದ ಹಿಡಿಕೆ

ಬಿಟ್ಟುಬಂದಿದ್ದ ಕರಿಬೇವಿನ ಕುಂಡ ತರಲು ಬಸವನಗುಡಿಯ ನಮ್ಮ ಹಳೇ ಬಾಡಿಗೆ ಮನೆಗೆ ಹೋದರೆ, ಒಳಗೆ ಹೊಸ ಬಾಡಿಗೆದಾರರು ಹಾಲು ಉಕ್ಕಿಸುತ್ತಿದ್ದರು. ಓನರ್ ಅಂಕಲ್ ಕುರ್ಚಿಯಲ್ಲಿ ಲೋಟ ಹಿಡಿದು ಕೂತಿದ್ದರು. “ನಮ್ಮಮ್ಮನಿಗೆ ಮೆಟ್ಟಿಲು ಹತ್ತೋಕಾಗ್ತಿಲ್ಲ, ಕೆಳಗಿನ ಮನೆ ಬೇಕು” ಎಂದು ಹೋದ ತಿಂಗಳು ನಮ್ಮನ್ನು ಖಾಲಿ ಮಾಡಿಸಿದವರು ಇವರೇ. ಅದನ್ನು ನಂಬಿ ನನ್ನಮ್ಮ ತನ್ನ ಹೊಲಿಗೆಯ ಗಿರಾಕಿಗಳನ್ನೆಲ್ಲ ಬಿಟ್ಟು ಊರಾಚೆಗೆ ಹೋದಳು. ಹೊರಡುವ ಮುನ್ನ, ಓನರ್ ಅಮ್ಮ, ಆ ಅಜ್ಜಿ, ಜಾರಬಾರದೆಂದು ಬಚ್ಚಲಿಗೊಂದು ಸ್ಟೀಲ್ ಹಿಡಿಕೆ ಬೇರೆ ಹಾಕಿಸಿದ್ದಳು.

“ಅಜ್ಜಿ ಎಲ್ಲಿ ಅಂಕಲ್?” ಎಂದೆ.

“ಮೇಲೇ ಇದಾಳಮ್ಮ, ಅಲ್ಲೇ ಗಾಳಿ ಚೆನ್ನಾಗಿದೆಯಂತೆ. ಬಾ, ಹಾಲು ಕುಡಿ.”

ಹೊಸ ಬಾಡಿಗೆದಾರರ ಮನೆಯಾಕೆ ನಕ್ಕರು. “ಓನರ್ ತುಂಬಾ ಒಳ್ಳೇವ್ರು ಕಣ್ರಿ. ನಾನು ಬಸುರಿ ಅಂತ ಬಾತ್‌ರೂಮಿಗೆ ಹಿಡಿಕೆ ಕೂಡ ಹಾಕ್ಸಿದಾರೆ.”

ಅಂಕಲ್ ಲೋಟದೊಳಗೆ ನೋಡಿದರು. ನಾನು ಆಕೆಗೆ, “ಅದನ್ನ ಹಾಕ್ಸಿದ್ದು ನಮ್ಮಮ್ಮ, ಇವರಮ್ಮನಿಗೆ ಅಂತ” ಎಂದು ಹೇಳಿ, ಹಾಲು ಮುಟ್ಟದೆ ಕುಂಡ ಎತ್ತಿಕೊಂಡೆ.

ನ್ಯಾಯ ಕೇಳೋಣವೆಂದರೆ ನಮ್ಮನ್ನು ಯಾರೂ ಹೊರಹಾಕಿಲ್ಲ; ನೋಟಿಸಿಲ್ಲ, ಜಗಳವಿಲ್ಲ, ಕನಿಕರಪಟ್ಟು ನಾವೇ ಹೊರಟೆವು. ಇನ್ನು ಮುಂದೆ ಖಾಲಿ ಮಾಡಿಸುವ ಕಾರಣ ಎಷ್ಟೇ ನಿಜವೆನಿಸಲಿ, ಮೊದಲು ಅದನ್ನು ಬರೆಸಿಕೊಳ್ಳುತ್ತೇವೆ. ಹಿಡಿಕೆ ಆಮೇಲೆ.